ಎಡಕ್ಕೆ ಮೂವತ್ತನಾಲ್ಕು, ಬಲಕ್ಕೆ ಮೂವತ್ಮೂರು

ಮೇಡಂ ಹೋದ ಸುದ್ದಿ ನಮ್ಮ ಹಳೆಯ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದ ದಿನ, ಕೈಮುಗಿದ ಚಿತ್ರಗಳ ನಡುವೆ ಒಬ್ಬ ಹೀಗೆ ಬರೆದಿದ್ದ: 'ಪಾಪ, ಸ್ಪೇಸ್‌ಬಾರ್ ಮೇಡಂ. ತುಂಬಾ ಒಳ್ಳೆಯವರು. ಕಾಲಕ್ಕೆ ತಕ್ಕ ಹಾಗೆ ಬದಲಾಗಲಿಲ್ಲ ಅಷ್ಟೇ.' ಒಳ್ಳೆಯವರು ಅಂದದ್ದಕ್ಕೆ ನನ್ನ ತಕರಾರಿಲ್ಲ, ಅದು ಪೂರ್ತಿ ನಿಜವಲ್ಲದಿದ್ದರೂ. ಆ 'ಪಾಪ' ಇದೆಯಲ್ಲ, ಅದು ನನ್ನ ಮೈ ಉರಿಸಿತು. ಬದುಕಿದ್ದಾಗ ಯಾರಾದರೂ ಹಾಗೆ ಬರೆದುಕೊಟ್ಟಿದ್ದರೆ ಮೇಡಂ ಆ ಪದಕ್ಕೆ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ ವಾಪಸ್ ಕಳಿಸುತ್ತಿದ್ದರು. ಈಗ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಮಾಡುತ್ತೇನೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಇನಿಷಿಯಲ್ಲು, ಅದರ ಮುಂದಿನ ಚುಕ್ಕೆ, ಆಮೇಲಿನ ಖಾಲಿ ಜಾಗ ಎಲ್ಲ ಸೇರಿ ಆ ಹೆಸರು ಹದಿಮೂರು ಅಕ್ಷರ. ಅಷ್ಟು ತಿಳಿದಿದ್ದರೆ ಸಾಕು. ಅವರಿಗೂ ಅದಕ್ಕಿಂತ ಹೆಚ್ಚು ಹೇಳಿಕೊಳ್ಳುವ ಅಭ್ಯಾಸವಿರಲಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಆರ್.ಟಿ. ನಗರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನಲ್ಲಿ. ಆಗ ನಾನು ಪಿಯುಸಿ ಗಣಿತದಲ್ಲಿ ಎರಡು ಸಲ ಫೇಲಾಗಿ ಮನೆಯಲ್ಲಿ ಕೂತಿದ್ದೆ. ನಮ್ಮದು ಹೆಬ್ಬಾಳದ ಕಡೆ ಸೊಪ್ಪು ಬೆಳೆಯುತ್ತಿದ್ದ ಮನೆತನ. ನಾನು ಹುಟ್ಟುವ ಹೊತ್ತಿಗೆ ಸೊಪ್ಪಿನ ಮಡಿಗಳ ಮೇಲೆ ಬಾಡಿಗೆ ಮನೆಗಳು ಎದ್ದಿದ್ದವು. 'ಇಂಗೆ ಕುಂತ್ಕಂಡು ಟಿವಿ ನೋಡೋ ಬದ್ಲು ಕಂಪ್ಯೂಟರ್ ಆದ್ರೂ ಕಲ್ತ್ಕೋ, ಒಂದ್ ಸಂಬಂಧ ಗೊತ್ತಾಗೋಗಂಟ' ಎಂದು ಅಮ್ಮ ನನ್ನನ್ನು ಸಂಜೆಯ ಬ್ಯಾಚಿಗೆ ಸೇರಿಸಿದ್ದಳು. ನಾನು ಕಲಿಯಲು ಹೋದವಳಲ್ಲ, ಮನೆಯಿಂದ ಹೊರಗಿರಲು ಹೋದವಳು.

ಮಹಡಿ ಹತ್ತಿದರೆ ಐವತ್ತು ದಾಟಿದ ಒಬ್ಬ ಹೆಂಗಸು ಬಾಗಿಲಲ್ಲೇ ನಿಂತು ಇನ್‌ಸ್ಟಿಟ್ಯೂಟಿನ ಬೋರ್ಡನ್ನು ದುರುಗುಟ್ಟಿಕೊಂಡು ನೋಡುತ್ತಿದ್ದರು. ಗಂಜಿ ಹಾಕಿದ ಕಾಟನ್ ಸೀರೆ. ತುರುಬಿಗೆ ಸಿಕ್ಕಿಸಿದ ಒಂದು ಪೆನ್ಸಿಲು, ಒಂದು ತುದಿ ಕೆಂಪು, ಇನ್ನೊಂದು ನೀಲಿ. ನನ್ನ ಹೆಸರೂ ಕೇಳದೆ 'ಈ ಬೋರ್ಡಲ್ಲಿ ಏನ್ ತಪ್ಪಿದೆ ಹೇಳು' ಅಂದರು. ನಾನು ಸ್ಪೆಲ್ಲಿಂಗ್ ಹುಡುಕಿದೆ. ಸರಿಯಾಗೇ ಇತ್ತು. 'ಎರಡಕ್ಷರ ಎಡಕ್ಕೆ ಜಾರಿದೆ ಕಣಮ್ಮ. ಬರೆದೋನು ಎಣಿಸಿಲ್ಲ, ಊಹಿಸಿದಾನೆ' ಅಂದರು. ಆಮೇಲೆ ಗೊತ್ತಾಯಿತು, ಅವರು ಇದನ್ನು ಓನರ್‌ಗೆ ವಾರಕ್ಕೊಮ್ಮೆ ಹೇಳುತ್ತಿದ್ದರು, ಓನರ್ರು ವಾರಕ್ಕೊಮ್ಮೆ ನಕ್ಕು ಸುಮ್ಮನಾಗುತ್ತಿದ್ದರು.

ಎಣಿಸಿದ್ಯಾ, ಊಹಿಸಿದ್ಯಾ? ಇದು ಅವರ ಮಾತು. ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದರು. ನಾವು ಬೆನ್ನ ಹಿಂದೆ ಅವರ ದನಿಯಲ್ಲೇ ಆಡಿಕೊಂಡು ನಗುತ್ತಿದ್ದೆವು. ಈಗ ನನ್ನ ಬಾಯಲ್ಲಿ ಅದು ಕೇಳದೆಯೇ ಬಂದುಬಿಡುತ್ತದೆ, ತರಕಾರಿಯವನ ಹತ್ತಿರವೂ.

ಮೊದಲ ತಿಂಗಳು ಪೂರ್ತಿ ಅವರು ಕಲಿಸಿದ್ದು ಒಂದೇ. ಕಪ್ಪು ಪರದೆಯ ಮೇಲೆ ಅಕ್ಷರಗಳನ್ನು ಬೇಕಾದ ಜಾಗದಲ್ಲಿ ಕೂರಿಸುವುದು. ಆ ಪರದೆಯ ಒಂದು ಸಾಲಿನಲ್ಲಿ ಎಂಬತ್ತು ಅಕ್ಷರ ಹಿಡಿಸುತ್ತಿತ್ತು. ನಿನ್ನ ಹೆಸರು ನಡುವೆ ಬರಬೇಕೆಂದರೆ ಹೆಸರಿನ ಅಕ್ಷರ ಎಣಿಸು, ಎಂಬತ್ತರಲ್ಲಿ ಕಳೆ, ಉಳಿದದ್ದನ್ನು ಅರ್ಧ ಮಾಡು, ಅಷ್ಟು ಸಲ ಸ್ಪೇಸ್ ಒತ್ತಿ ಆಮೇಲೆ ಹೆಸರು ಬರಿ, ಪ್ರೋಗ್ರಾಮ್ ಓಡಿಸಿ ನೋಡು. ಅದಾದ ಮೇಲೆ ವಿಳಾಸ, ಅದಾದ ಮೇಲೆ ಬಸ್ ವೇಳಾಪಟ್ಟಿ, ಊರು ಒಂದು ಕಡೆ, ಹೊರಡುವ ಹೊತ್ತು ಇನ್ನೊಂದು ಕಡೆ, ಎಲ್ಲ ಸಾಲೂ ನೆಟ್ಟಗೆ. ಮೊದಲು ಚೌಕದ ಗೆರೆಯ ಗಣಿತದ ಪುಸ್ತಕದಲ್ಲಿ, ಒಂದು ಚೌಕಕ್ಕೆ ಒಂದು ಅಕ್ಷರದಂತೆ ಬರೆದು ತೋರಿಸಬೇಕು. ಖಾಲಿ ಚೌಕಗಳಿಗೆ ನೀಲಿ ಚುಕ್ಕೆ ಇಡಬೇಕು. ಅದನ್ನು ನೋಡಿ ಅವರು ತಲೆಯಾಡಿಸಿದ ಮೇಲೆಯೇ ಕೀಬೋರ್ಡಿಗೆ ಕೈ.

ನಾನು ಮನೆಯಲ್ಲಿ ಆ ಪುಸ್ತಕ ತುಂಬಿಸುತ್ತಿದ್ದಾಗ ಅಮ್ಮ ಇಣುಕಿ ನೋಡಿ, 'ಇದೇನೇ, ಬರೀ ಚುಕ್ಕೆ? ಖಾಲಿ ಜಾಗ ಒತ್ತೋದ್ ಕಲ್ಸಕ್ಕೆ ಆವಮ್ಮಂಗೆ ಸಂಬಳ ಬೇರೆ ಕೊಡ್ತಾರಾ?' ಎಂದಿದ್ದಳು. ನಾನದನ್ನು ಮರುದಿನ ಹಾಗೇ ಒಪ್ಪಿಸಿದೆ. ಮೇಡಂ ಬೇಸರಪಟ್ಟುಕೊಳ್ಳಲಿಲ್ಲ. 'ನಿಮ್ಮಮ್ಮ ಸೊಪ್ಪಿನ ಮಡಿ ಮಾಡ್ದೋರು ಅಲ್ವಾ? ಮಡಿ ಮಧ್ಯೆ ಓಡಾಡಕ್ಕೆ ಜಾಗ ಬಿಡ್ತಿದ್ರೋ ಇಲ್ವೋ ಕೇಳು' ಅಂದರು. ನಾನು ಕೇಳಿದೆ. ಅಮ್ಮ ಮತ್ತೆ ಆ ವಿಷಯ ಎತ್ತಲಿಲ್ಲ.

ಇದೆಲ್ಲ ಅವರಿಗೆ ಬಂದದ್ದು ಟೈಪ್‌ರೈಟರಿನಿಂದ. ಆ ಮಹಡಿ ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು, ಅವರು ಅಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತಿದ್ದರು. ಹಾಳೆಯ ನಡುವೆ ತಲೆಬರಹ ಕೂರಿಸುವುದು ಟೈಪಿಂಗ್ ಕಲಿತವರಿಗೆಲ್ಲ ಗೊತ್ತಿದ್ದ ಲೆಕ್ಕ. ಒಂದು ದಿನ ಮೆಷಿನ್‌ಗಳನ್ನು ತೂಕಕ್ಕೆ ಹಾಕಿ ಓನರ್ರು ಕಂಪ್ಯೂಟರ್ ತಂದರು. ಜೊತೆಯ ಇನ್ನಿಬ್ಬರು ಶಿಕ್ಷಕರು ಬಿಟ್ಟುಹೋದರು. ಮೇಡಂ ಬಿಡಲಿಲ್ಲ. ಮಧ್ಯಾಹ್ನ ಬ್ಯಾಚಿಲ್ಲದ ಹೊತ್ತಿನಲ್ಲಿ ಒಂದು ಹಳೆಯ ಪುಸ್ತಕ ಮುಂದಿಟ್ಟುಕೊಂಡು ಸಿ ಭಾಷೆ ತಾವೇ ಕಲಿತರು. ಪುಸ್ತಕದ ಮೊದಲ ಪ್ರೋಗ್ರಾಮು ಪರದೆಯ ಎಡಮೂಲೆಯಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತಿತ್ತಂತೆ. 'ಮೂಲೇಲಿ ಯಾಕೆ ಕೂರ್ಬೇಕು ಅಂತ ನಂಗೆ ಸಿಟ್ಟು ಬಂತು. ನಡುವಿಗೆ ತಂದೆ. ಅವತ್ತು ಗೊತ್ತಾಯ್ತು, ಇದು ನಂದೇ ಮೆಷಿನ್ನು ಅಂತ' ಎಂದು ಒಮ್ಮೆ ಹೇಳಿದ್ದರು.

ಟ್ಯಾಬ್ ಕೀ ಅವರ ಕಡುವೈರಿ. ಹೊಸ ಬ್ಯಾಚಿನ ಕಂಪ್ಯೂಟರುಗಳಲ್ಲಿ ಆ ಕೀ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿರುತ್ತಿದ್ದರು. 'ಅದು ಒಂದೊಂದು ಕಡೆ ಒಂದೊಂದು ದೂರ ಹೋಗಿ ನಿಲ್ಲತ್ತೆ. ತಾನೆಲ್ಲಿ ನಿಲ್ತೀನಿ ಅಂತ ಹೇಳದೇ ಇರೋದನ್ನ ಮೊದಲ್ನೇ ತಿಂಗಳು ನಂಬ್ಬಾರ್ದು.' ತಿಂಗಳು ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಕೀ ಮೇಲಿನ ಪ್ಲಾಸ್ಟರನ್ನು ತಾವೇ ಕೀಳಬೇಕು, ಅದು ನಮ್ಮಲ್ಲಿ ಪಾಸಾದ ಹಾಗೆ. ನನ್ನದನ್ನು ನಾನು ಬಹಳ ದಿನ ಪುಸ್ತಕದ ರಟ್ಟಿಗೆ ಅಂಟಿಸಿಟ್ಟುಕೊಂಡಿದ್ದೆ. ಪಿಯುಸಿ ಮಾರ್ಕ್ಸ್ ಕಾರ್ಡನ್ನು ಯಾರಿಗೂ ತೋರಿಸದ ನಾನು ಆ ಪ್ಲಾಸ್ಟರನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ.

ನಮ್ಮ ಬ್ಯಾಚಿನಲ್ಲಿ ಗೌಸ್ ಭಾಯ್ ಅಂತ ಒಬ್ಬರು ಆಟೋ ಡ್ರೈವರ್ ಇದ್ದರು, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಸಂಜೆ ಆಟೋವನ್ನು ಬೇಕರಿ ಮುಂದೆ ನಿಲ್ಲಿಸಿ, ಖಾಕಿ ಶರ್ಟಿನಲ್ಲೇ ಮೇಲೆ ಬರುತ್ತಿದ್ದರು. ಒಂದು ದಿನ ಮೇಡಂ ನಮಗೆ ಬೆನ್ನು ಮಾಡಿ ಕಿಟಕಿಯಲ್ಲಿ ರಸ್ತೆ ನೋಡುತ್ತಾ ನಿಂತಿದ್ದರು. ಗೌಸ್ ಭಾಯ್ ಟಕಟಕ ಸ್ಪೇಸ್ ಒತ್ತಿ ನಿಲ್ಲಿಸಿದರು. ಮೇಡಂ ತಿರುಗದೆಯೇ 'ಇಪ್ಪತ್ತೊಂಬತ್ತು ಆಯ್ತು. ನಿಮಗೆ ಬೇಕಾಗಿರೋದು ಮೂವತ್ತೊಂದು' ಅಂದರು. ನಾವು ಪರದೆಯ ಮೇಲೆ ಬೆರಳಿಟ್ಟು ಎಣಿಸಿದೆವು. ಇಪ್ಪತ್ತೊಂಬತ್ತೇ.

'ಮೇಡಂ, ಗಾಡಿ ಅಂದಾಜಲ್ಲೇ ಓಡ್ಸೋನು ನಾನು. ಇದೂ ಹಂಗೇ ಅಂದಾಜಲ್ ಹೊಡ್ದೆ' ಎಂದರು ಗೌಸ್ ಭಾಯ್.

'ಅಲ್ಲಿ ಅಂದಾಜು ತಪ್ಪಿದ್ರೆ ಎದುರಿನ ಗಾಡಿಯವನು ಬೈತಾನೆ. ಇಲ್ಲಿ ನಾನ್ ಬೈತೀನಿ. ಮತ್ತೆ ಒತ್ತಿ.'

ಕಿವಿಯಲ್ಲೇ ಲೆಕ್ಕ ಹಿಡಿಯುವುದು ಹೇಗೆ ಎಂದು ಕೇಳಿದ್ದಕ್ಕೆ, 'ಟೈಪಿಂಗಲ್ಲಿ ಸ್ಪೇಸೂ ಒಂದು ಸ್ಟ್ರೋಕೇ. ಕಾಗದದ ಮೇಲೆ ಕಾಣಲ್ಲ ಅಂತ ಲೆಕ್ಕಕ್ಕಿಲ್ಲ ಅಂದ್ಕೊಂಡೋರು ಪರೀಕ್ಷೇಲಿ ಫೇಲಾಗೋರು' ಅಂದರು. ಹೇಳುವಾಗ ಹೆಬ್ಬೆರಳು ಮೇಜಿನ ಅಂಚನ್ನು ಬಡಿಯುತ್ತಲೇ ಇತ್ತು. ಅವರ ಆ ಹೆಬ್ಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ.

ಇಷ್ಟು ಹೇಳಿ ಅವರನ್ನು ದೇವರ ಪಟ ಮಾಡುವ ಆಸೆ ನನಗಿಲ್ಲ. ಮೇಡಂಗೆ ಹಟ ಬಹಳ, ನಾಲಿಗೆಯೂ ಕತ್ತರಿ. ತಪ್ಪೂ ಮಾಡುತ್ತಿದ್ದರು. ಅವರ ದೊಡ್ಡ ತಪ್ಪು ಎಂಬತ್ತು ಎಂದೆಂದಿಗೂ ಎಂಬತ್ತೇ ಎಂದು ನಂಬಿದ್ದು. ಟೈಪ್‌ರೈಟರಿಗೆ ಹಾಕಿದ ಹಾಳೆ ತಾನಾಗಿ ಅಗಲವಾಗುವುದಿಲ್ಲ, ಪರದೆಯೂ ಹಾಗೇ ಅಂದುಕೊಂಡಿದ್ದರು. ಹಳೆಯ ಕಂಪ್ಯೂಟರುಗಳಲ್ಲಿ ಅದು ನಿಜವಾಗಿತ್ತು. ಓನರ್ರು ಹೊಸ ಕಂಪ್ಯೂಟರ್ ತಂದ ಮೇಲೆ ಆ ಕಪ್ಪು ಪರದೆ ಕಿಟಕಿಯ ಹಾಗೆ ಎಳೆದಷ್ಟು ಅಗಲವಾಗುತ್ತಿತ್ತು. ನಾವು ಯಾರೂ ಎಳೆದು ನೋಡಿರಲಿಲ್ಲ.

ಎಳೆದವನು ಬೇರೆ ಕಡೆಯಿಂದ ಬಂದ. ದೊಡ್ಡ ತರಬೇತಿ ಕಂಪನಿಯೊಂದರ ಬೋರ್ಡನ್ನು ನಮ್ಮ ಮಹಡಿಗೆ ಹಾಕಿಸಿಕೊಳ್ಳಬೇಕೆಂದು ಓನರ್ರು ಓಡಾಡುತ್ತಿದ್ದರು. ಅವರ ಕಡೆಯ ಒಬ್ಬ ಪರೀಕ್ಷಕ ನಮ್ಮ ಬ್ಯಾಚ್ ನೋಡಲು ಬಂದ, ಕೊರಳಲ್ಲಿ ಐಡಿ ಕಾರ್ಡು, ಮೂವತ್ತರ ಒಳಗಿನ ವಯಸ್ಸು. ನನ್ನ ಪರದೆಯಲ್ಲಿ ನನ್ನ ಹೆಸರು ಸರಿಯಾಗಿ ನಡುವೆ ನಿಂತಿತ್ತು. ಅವನು ಬಾಗಿ ಮೌಸಿನಲ್ಲಿ ಒಂದು ಸಲ ಒತ್ತಿದ. ಪರದೆ ಇಡೀ ಮಾನಿಟರಿನಷ್ಟು ಅಗಲವಾಯಿತು, ನನ್ನ ಹೆಸರು ಎಡಗಡೆಗೆ ಬಿದ್ದುಹೋಯಿತು. ಪಕ್ಕದ ಗೌಸ್ ಭಾಯ್ ಪರದೆಯಲ್ಲೂ ಹಾಗೇ ಮಾಡಿದ.

'ಏನ್ ಮೇಡಂ ಇದು, ಕಂಪ್ಯೂಟರ್ ಕ್ಲಾಸಾ ಟೈಪಿಂಗ್ ಕ್ಲಾಸಾ? ಇದಕ್ಕೆಲ್ಲ ರೆಡಿ ಫಂಕ್ಷನ್ ಇದೆ, ಒಂದ್ ಲೈನು. ಒಂದ್ ತಿಂಗ್ಳು ಸ್ಪೇಸ್ ಹೊಡಿಸಿದೀರಾ?' ಎಂದು ನಕ್ಕ. ಓನರ್ರೂ ನಕ್ಕರು.

ಮೇಡಂ ಮುಖ ಕೆಂಪಾಯಿತು. ಆದರೆ ಅವರು ಮಾತು ತಗ್ಗಿಸಲಿಲ್ಲ. 'ಆ ಫಂಕ್ಷನ್ ನಂಗೂ ಗೊತ್ತು. ಎರಡ್ನೇ ತಿಂಗಳು ಹೇಳ್ಕೊಡ್ತೀನಿ. ನೀವು ಕಾಗದ ದೊಡ್ಡದು ಮಾಡಿದ್ರಿ, ಮಾಡೋ ಮುಂಚೆ ಎಷ್ಟು ದೊಡ್ಡದು ಅಂತ ಹೇಳಿದ್ರೆ ನಮ್ಮವರು ಎಣಿಸಿ ಕೂರಿಸ್ತಿದ್ರು.'

ಅವನು ಏನೋ ಬರೆದುಕೊಂಡು ಹೋದ.

ಆ ಸಂಜೆ ನನಗೆ ಸಿಟ್ಟು ತಡೆಯಲಾಗಲಿಲ್ಲ. ಅವನ ಮೇಲೆ ಇದ್ದಷ್ಟೇ ಮೇಡಂ ಮೇಲೂ ಇತ್ತು, ಇದನ್ನು ಮುಚ್ಚಿಡುವುದಿಲ್ಲ. ಮೂರನೇ ಸಲವೂ ನನ್ನನ್ನು ಯಾರೋ ಫೇಲ್ ಮಾಡಿ ಹೋದರಲ್ಲ ಅನ್ನಿಸಿತ್ತು. ಮನೆಗೆ ಹೋಗಿ ಚೌಕದ ಪುಸ್ತಕ ತೆಗೆದೆ. ಎಂಬತ್ತರ ಜಾಗದಲ್ಲಿ ನೂರು ಹಾಕಿದೆ, ನೂರಿಪ್ಪತ್ತು ಹಾಕಿದೆ. ಲೆಕ್ಕ ಮಾತ್ರ ಅದೇ ಇತ್ತು: ಅಗಲದಲ್ಲಿ ಹೆಸರನ್ನು ಕಳೆ, ಅರ್ಧ ಮಾಡು. ಅಗಲ ಎಷ್ಟೆಂದು ಪ್ರೋಗ್ರಾಮೇ ಕೇಳಲಿ, ಲೆಕ್ಕವನ್ನೂ ಅದೇ ಮಾಡಲಿ, ಸ್ಪೇಸನ್ನೂ ಅದೇ ಒತ್ತಲಿ. ಗಣಿತದಲ್ಲಿ ಫೇಲಾದವಳಿಗೆ ಇದು ಯಾರೂ ಹೇಳದೆ ಹೊಳೆದಿತ್ತು. ಮೂವತ್ತು ದಿನ ಕೈಯಲ್ಲಿ ಸ್ಪೇಸ್ ಒತ್ತದೆ ಇದ್ದಿದ್ದರೆ ಹೊಳೆಯುತ್ತಿರಲಿಲ್ಲ. ಪಾಪ ಅಂದವನೂ ಆ ಮೂವತ್ತು ದಿನ ನನ್ನ ಹಿಂದಿನ ಸಾಲಿನಲ್ಲೇ ಕೂತಿದ್ದ.

ಮರುದಿನ ಓಡಿಸಿ ತೋರಿಸಿದೆ. ಮೇಡಂ ತಮ್ಮ ಹೆಸರನ್ನೇ ಕೊಟ್ಟು ನೋಡಿದರು. ಅಗಲ ಎಂಬತ್ತು, ಹೆಸರು ಹದಿಮೂರು. ಪರದೆಗೆ ಮೂಗು ತಾಗುವಷ್ಟು ಬಾಗಿ, ನೀಲಿ ತುದಿಯಿಂದ ಒಂದೊಂದೇ ಜಾಗ ಎಣಿಸಿದರು.

'ಎಡಕ್ಕೆ ಮೂವತ್ಮೂರು. ಬಲಕ್ಕೆ ಮೂವತ್ತನಾಲ್ಕು. ಅರವತ್ತೇಳನ್ನ ಎರಡು ಮಾಡಿದ್ರೆ ಒಂದು ಉಳಿಯತ್ತಲ್ಲ, ಅದೇನಾಯ್ತು?'

'ಮೇಡಂ, ಕಂಪ್ಯೂಟರ್ರು ಭಾಗಿಸ್ವಾಗ ಉಳಿದಿದ್ದನ್ನ ಬಿಟ್ಬಿಡತ್ತೆ. ಅದು ಹೋಗಿ ಬಲಗಡೆ ಬಿದ್ದಿದೆ.'

'ಯಾರನ್ನ ಕೇಳಿ ಬಿಡತ್ತೆ?'

ನಾನು ಪ್ರೋಗ್ರಾಮಿನ ಆ ಸಾಲಿಗೆ ವಾಪಸ್ ಹೋದೆ.

'ಎಲ್ಲೋ ಬಿದ್ದಿರ್ಲಿ ಅಂತ ಬಿಡೋದಲ್ಲ ಕಣಮ್ಮ. ನೀನು ಇಡ್ಬೇಕು. ಎಡಗಡೆ ಇಡು. ನಾನು ಮೆಷಿನ್ ಮೇಲೆ ಯಾವಾಗ್ಲೂ ಎಡಗಡೆ ಇಡ್ತಿದ್ದೆ. ಬೇರೆಯೋರು ಬಲಕ್ಕೆ ಇಡ್ತಾರೆ, ಇಟ್ಕೊಳ್ಳಲಿ. ಇಟ್ಟಿದೀನಿ ಅಂತ ನಿಂಗೆ ಗೊತ್ತಿರ್ಬೇಕು, ಅಷ್ಟೇ.'

ಅರ್ಧ ಮಾಡುವ ಮುಂಚೆ ಒಂದು ಕೂಡಿಸಿದರೆ ಆ ಉಳಿಕೆ ಎಡಕ್ಕೆ ಬರುತ್ತದೆ ಎಂದು ಕಂಡುಹಿಡಿಯಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಮೇಡಂ ಪಕ್ಕದ ಸ್ಟೂಲಿನಲ್ಲಿ ಕೂತು ಕಾದರು, ಸುಳಿವು ಕೊಡಲಿಲ್ಲ. ಸರಿಯಾದಾಗ ಹೊಗಳಲೂ ಇಲ್ಲ. ತುರುಬಿನಿಂದ ಪೆನ್ಸಿಲು ತೆಗೆದು ನನ್ನ ಕೈಗೆ ಕೊಟ್ಟು, 'ಇವತ್ತು ಮಿಕ್ಕವರದ್ದು ನೀನ್ ನೋಡು' ಅಂದರು. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ರಿಸಲ್ಟು ಬಂದಿಲ್ಲ.

ಆ ವಾರವೇ ಓನರ್ರು ಅವರನ್ನು ಕರೆದು, ಕ್ಲಾಸಿಗೆ ಹೊಸ ಫ್ಯಾಕಲ್ಟಿ ಬರುತ್ತಾರೆ, ನೀವು ಕೆಳಗೆ ಮೆಟ್ಟಿಲ ಪಕ್ಕದ ರಿಸೆಪ್ಷನ್ನಿನಲ್ಲಿ ಕೂತು ಅಡ್ಮಿಷನ್ ನೋಡಿಕೊಳ್ಳಿ ಎಂದರು. ಮೇಡಂ ಮೇಲೆ ಬಂದು, ಉಳಿದಿದ್ದ ಪ್ಲಾಸ್ಟರಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. 'ನಾಳೆಯಿಂದ ಬರಲ್ಲ. ಹನ್ನೊಂದು ವರ್ಷ ಇಲ್ಲಿ ಕಂಪ್ಯೂಟರ್ ಹೇಳ್ಕೊಟ್ಟಿದೀನಿ ಅಂತ ಒಂದು ಲೆಟರ್ ಕೊಡಿ ಸಾಕು' ಎಂದು ಹಿಂದೆಯೇ ಹತ್ತಿ ಬಂದ ಓನರ್‌ಗೆ ಹೇಳಿ ಮೆಟ್ಟಿಲಿಳಿದರು.

ಆ ಲೆಟರು ಅವರಿಗೆ ಬೇಕೇಬೇಕಿತ್ತು. ಸಂಜಯನಗರದಲ್ಲಿ ಹೆಂಗಸರಿಗೆ ತರಬೇತಿ ಕೊಡುವ ಒಂದು ಕೇಂದ್ರದಲ್ಲಿ ಕಂಪ್ಯೂಟರ್ ಶಿಕ್ಷಕಿಯ ಜಾಗ ಖಾಲಿಯಿತ್ತು. ಅನುಭವದ ಪತ್ರ ತಂದರೆ ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದಿದ್ದರು. ಮೇಡಂ ಕೈಯಲ್ಲಿ ಡಿಗ್ರಿ ಇರಲಿಲ್ಲ, ಕಂಪ್ಯೂಟರಿನ ಸರ್ಟಿಫಿಕೇಟೂ ಇರಲಿಲ್ಲ. ಇದ್ದದ್ದು ಆ ಹನ್ನೊಂದು ವರ್ಷ ಮಾತ್ರ.

ಇನ್‌ಸ್ಟಿಟ್ಯೂಟಿನಿಂದ ಲೆಟರ್ ತರುವ ಕೆಲಸ ನನಗೆ ಬಿತ್ತು. ಮೊದಲನೆಯದರಲ್ಲಿ 'ಟೈಪ್‌ರೈಟಿಂಗ್ ಇನ್‌ಸ್ಟ್ರಕ್ಟರ್' ಎಂದಿತ್ತು. ಗಂಗಾನಗರದ ಮನೆಯಲ್ಲಿ ಮೇಡಂ ಅದನ್ನು ಓದಿ, ಆ ಎರಡು ಪದಕ್ಕೆ ಕೆಂಪು ಸುತ್ತು ಹಾಕಿ, ತಲೆಬರಹ ಮೂರು ಸ್ಪೇಸ್ ಎಡಕ್ಕಿರುವುದನ್ನೂ ಗುರುತು ಮಾಡಿ ವಾಪಸ್ ಕಳಿಸಿದರು. ಎರಡನೆಯದರಲ್ಲಿ 'ಆಫೀಸ್ ಅಸಿಸ್ಟೆಂಟ್' ಎಂದಿತ್ತು. ಮತ್ತೆ ಸುತ್ತು, ಮತ್ತೆ ವಾಪಸ್. ಮೂರನೆಯ ಸಲ ಓನರ್ರು ನನ್ನ ಮುಂದೆಯೇ ತಲೆ ಚಚ್ಚಿಕೊಂಡು, 'ಏನಮ್ಮ, ನಿಮ್ಮ ಮೇಡಂಗೆ ಒಂದ್ ಪದಕ್ಕೆ ಇಷ್ಟೊಂದಾ? ಕಂಪ್ಯೂಟರ್ ಟೀಚರ್ ಅಂತ ಕೊಟ್ರೆ ನಾಳೆ ಆ ಕಂಪನಿಯವರು, ಇವರಿಗೇನ್ ಕ್ವಾಲಿಫಿಕೇಷನ್ ಅಂತ ನನ್ನ ಕೇಳ್ತಾರೆ' ಎಂದು ಹೇಳಿ, 'ಟೈಪಿಂಗ್ ಮತ್ತು ಬೇಸಿಕ್ ಕಂಪ್ಯೂಟರ್ ಸಹಾಯಕಿ' ಎಂದು ಬರೆಸಿಕೊಟ್ಟರು.

ಅವತ್ತು ತಿಂಗಳಿನ ಇಪ್ಪತ್ತೊಂಬತ್ತು. ಗೌಸ್ ಭಾಯ್ ಆಟೋದಲ್ಲೇ ಗಂಗಾನಗರಕ್ಕೆ ಹೋದೆವು. ಮೇಡಂ ಪೆನ್ಸಿಲು ತೆಗೆದರು. ನನಗೆ ಅಳು ಬಂತು.

'ತಗೊಂಡ್ಬಿಡಿ ಮೇಡಂ. ಇನ್ನೆರಡೇ ದಿನ ಇರೋದು. ಒಂದು ಪದ ತಾನೇ. ಅಲ್ಲಿ ಹೋಗಿ ಕೆಲಸ ಮಾಡಿ ತೋರ್ಸಿದ್ರಾಯ್ತು.'

'ಹೌದು ಮೇಡಂ, ಹೆಸ್ರಲ್ಲೇನಿದೆ? ಡ್ರೈವರ್ ಅಂದ್ರೂ ನಾನೇ, ಆಟೋ ಅಂತ ಕರುದ್ರೂ ನಾನೇ ತಿರುಗಿ ನೋಡ್ತೀನಿ' ಎಂದರು ಗೌಸ್ ಭಾಯ್.

'ನೀವು ತಿರುಗಿ ನೋಡ್ತೀರ, ಅದು ನಿಮ್ಮ ದೊಡ್ಡತನ ಗೌಸ್ ಅವರೇ' ಎಂದು ಹೇಳಿ ಮೇಡಂ ಕಾಗದವನ್ನು ಮಡಿಲಿನಲ್ಲಿಟ್ಟುಕೊಂಡರು. ದನಿ ಒಂದಿಷ್ಟೂ ಏರಲಿಲ್ಲ. 'ನಾನು ಸಹಾಯಕಿ ಅಂತಾದ್ರೆ, ಇವಳು ಆ ಪ್ರೋಗ್ರಾಮ್ ಬರೆದ್ಳಲ್ಲ, ಅವತ್ತು ಹೇಳ್ಕೊಟ್ಟಿದ್ದು ಯಾರು? ಆ ಮಹಡೀಲಿ ಇನ್ಯಾರೂ ಇರ್ಲಿಲ್ಲ. ನಾನ್ ಎಣಿಸಿ ಹೇಳ್ತಿದೀನಿ, ಊಹಿಸಿ ಅಲ್ಲ.' ಕೆಂಪು ಸುತ್ತು ಬಿತ್ತು. ಸಂಜಯನಗರದ ಜಾಗ ಬೇರೆಯವರಿಗೆ ಹೋಯಿತು. ಮೇಡಂ ಆ ವಿಷಯ ಮತ್ತೆ ಒಂದು ಸಲವೂ ಎತ್ತಲಿಲ್ಲ, ಆದರೆ ಎಷ್ಟೋ ದಿನ ಆ ಕೇಂದ್ರದ ಮುಂದೆ ಹಾದುಹೋಗುವ ಬಸ್ಸು ಹತ್ತದೆ ಸುತ್ತಿಕೊಂಡು ಹೋಗುತ್ತಿದ್ದರು ಎಂದು ಅವರ ತಂಗಿ ಆಮೇಲೆ ಹೇಳಿದರು.

ಆಗ ನಾನೂ ಗೌಸ್ ಭಾಯೂ ಸೇರಿ ಒಂದು ಕೆಲಸ ಮಾಡಿದೆವು. ಹಳೆಯ ಬ್ಯಾಚುಗಳ ಹತ್ತೊಂಬತ್ತು ಜನರನ್ನು ಹುಡುಕಿ, ನಾವೇ ಒಂದು ಲೆಟರ್ ಬರೆದೆವು. 'ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್' ಎಂದು ಮೇಲೆ ತಲೆಬರಹ, ಅದರ ಕೆಳಗೆ ಅವರ ಹೆಸರು, ಅದರ ಕೆಳಗೆ ಇವರು ಹನ್ನೊಂದು ವರ್ಷ ನಮಗೆಲ್ಲ ಕಂಪ್ಯೂಟರ್ ಕಲಿಸಿದ ಶಿಕ್ಷಕಿ ಎಂಬ ಎರಡು ಸಾಲು, ಆಮೇಲೆ ಹತ್ತೊಂಬತ್ತು ಸಹಿಗೆ ಜಾಗ. ಅದನ್ನು ಟೈಪ್ ಮಾಡಲಿಲ್ಲ. ಅದನ್ನು ಸಾಲು ಸಾಲಾಗಿ ಕೂರಿಸುವ ಪ್ರೋಗ್ರಾಮ್ ಬರೆದೆ, ಎಲ್ಲ ಅಕ್ಷರಕ್ಕೂ ಒಂದೇ ಅಗಲ ಬರುವ ಹಾಗೆ ಆರ್.ಟಿ. ನಗರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಮೇಲೆ ಕೆಳಗೆ ಅಂಚಿನಿಂದ ಅಂಚಿಗೆ, ಒಂದು ಅಕ್ಷರದ ಜಾಗಕ್ಕೆ ಒಂದು ಚಿಕ್ಕ ಗೆರೆಯಂತೆ, ಅಡ್ಡಗೆರೆ. ಮತ್ತೆ, ಅವರಿಗೆ ಗೊತ್ತಾಗದ ಹಾಗೆ ಒಂದು ಉಪಕಾರವನ್ನೂ ಮಾಡಿದ್ದೆ.

ಮೇಡಂ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಓದಿದರು. ಆಮೇಲೆ ನಾನು ಹೆದರಿದ್ದೇ ಆಯಿತು, ಪೆನ್ಸಿಲು ಕೆಳಗಿಳಿಯಿತು. ತಮ್ಮ ಹೆಸರಿನ ಎಡಗಡೆ ಎಣಿಸಿದರು, ಬಲಗಡೆ ಎಣಿಸಿದರು. ಎರಡೂ ಕಡೆ ಮೂವತ್ಮೂರು.

'ನನ್ನ ಹೆಸರು ಯಾವತ್ತೂ ಹಿಂಗೆ ಕೂತಿಲ್ಲ. ಕಾಗದ ಎಪ್ಪತ್ತೊಂಬತ್ತು ಮಾಡಿದ್ಯಾ?'

'ಒಂದೇ ಒಂದು ಅಕ್ಷರ ಮೇಡಂ. ನಿಮ್ಮ ಹೆಸರು ಸರೀ ಮಧ್ಯ ಬರ್ಲಿ ಅಂತ.'

'ಮೇಲಿನ ಸಾಲು ಇಪ್ಪತ್ತೆಂಟು ಅಕ್ಷರ. ಎಂಬತ್ತಲ್ಲಿ ಎರಡೂ ಕಡೆ ಇಪ್ಪತ್ತಾರಿರ್ತಿತ್ತು, ಲಕ್ಷಣವಾಗಿ. ನಂಗೋಸ್ಕರ ಅದನ್ನ ಸೊಟ್ಟ ಮಾಡಿದೀಯ.' ನನ್ನ ಮುಖ ನೋಡಿ ಅವರು ದನಿ ಮೆತ್ತಗೆ ಮಾಡಿದರು. 'ನನ್ನ ಹೆಸರಿಗೆ ಅಂತ ಯಾರೂ ಕಾಗದ ಕತ್ತರಿಸ್ಬೇಕಾಗಿಲ್ಲ ಕಣಮ್ಮ. ಎಂಬತ್ತರಲ್ಲೇ ಮಾಡ್ಕೊಂಡ್ ಬಾ. ಉಳಿದಿದ್ದು ಎಡಕ್ಕೆ.'

ಮತ್ತೆ ಪ್ರಿಂಟು, ಮತ್ತೆ ಹತ್ತೊಂಬತ್ತು ಜನರ ಸಹಿ. ಗೌಸ್ ಭಾಯ್ ಎರಡು ದಿನ ಯಲಹಂಕದಿಂದ ಯಶವಂತಪುರದವರೆಗೆ ಆಟೋ ಓಡಿಸುತ್ತಾ, 'ಒಂದ್ ಸ್ಪೇಸ್‌ಗೆ ಮಾ, ಒಂದ್ ಸ್ಪೇಸ್‌ಗೆ' ಎಂದು ಗೊಣಗಿದರು. ಆದರೆ ಸಹಿ ಮಾಡುವಾಗ ಎರಡನೆಯ ಸಲ ಹೆಚ್ಚು ಚೆನ್ನಾಗಿ ಮಾಡಿದ್ದೂ ಅವರೇ.

ಮೇಡಂ ಆ ಲೆಟರಿಗೆ ಗಾಜು ಹಾಕಿಸಿ ಮನೆಯ ಮುಂದಿನ ಪೋರ್ಟಿಕೋ ಗೋಡೆಗೆ ನೇತುಹಾಕಿದರು. ಅದೇ ಪೋರ್ಟಿಕೋದಲ್ಲಿ ಮೂರು ಹಳೆಯ ಕಂಪ್ಯೂಟರ್ ಇಟ್ಟು ಕ್ಲಾಸ್ ಶುರುಮಾಡಿದರು. ಗೇಟಿನ ಬೋರ್ಡನ್ನು ತಾವೇ ಅಳೆದು ಬರೆಸಿದರು. ನಿಮ್ಮ ಸರ್ಟಿಫಿಕೇಟ್ ಏನು ಎಂದು ಯಾರಾದರೂ ಕೇಳಿದರೆ ಮಾತಾಡದೆ ಗೋಡೆಯ ಕಡೆ ಪೆನ್ಸಿಲು ತೋರಿಸುತ್ತಿದ್ದರು. ಕೆಲವರು ವಾಪಸ್ ಹೋಗುತ್ತಿದ್ದರು, ಕೆಲವರು ಕೂರುತ್ತಿದ್ದರು. ಕೂತವರಿಗೆ ಮೊದಲ ತಿಂಗಳು ಪ್ಲಾಸ್ಟರು ಅಂಟಿಸಿದ ಕೀಬೋರ್ಡು. ಬದಲಾಗಲಿಲ್ಲ ಅಂದನಲ್ಲ ಅವನು, ಒಂದು ವಿಷಯ ಬದಲಾಗಿತ್ತು: ಹೊಸ ಬ್ಯಾಚಿನ ಮೊದಲ ಪಾಠವೇ ಪರದೆಯನ್ನು ಎಳೆದು ಅಗಲ ಮಾಡಿ, ಈಗ ಎಷ್ಟು ಅಕ್ಷರ ಹಿಡಿಯುತ್ತದೆ ಎಣಿಸಿ ಅನ್ನುವುದು. ತಪ್ಪೊಪ್ಪಿಕೊಳ್ಳುವುದಕ್ಕೆ ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ನಾನೀಗ ಯಶವಂತಪುರದ ಒಂದು ಸಣ್ಣ ಕಂಪನಿಯಲ್ಲಿ ಆಸ್ಪತ್ರೆಗಳ ಟೋಕನ್ ಚೀಟಿಗೆ ಪ್ರೋಗ್ರಾಮ್ ಬರೆಯುತ್ತೇನೆ. ಆ ಚೀಟಿಯಲ್ಲಿ ಒಂದು ಸಾಲಿಗೆ ಮೂವತ್ತೆರಡೇ ಅಕ್ಷರ, ಎಣಿಸದೆ ಕೂರಿಸಲು ಆಗುವುದಿಲ್ಲ. ಮೇಡಂ ಎದೆನೋವೆಂದು ತೋರಿಸಿಕೊಳ್ಳಲು ಹೋದ ಆಸ್ಪತ್ರೆಯಲ್ಲಿ ಅವರ ಹೆಸರು ನಡುವೆ ಕೂತ ಅದೇ ಚೀಟಿ ಅವರ ಕೈಗೆ ಬಂದಿತ್ತು. ಅಲ್ಲಿಂದಲೇ ಫೋನ್ ಮಾಡಿದರು. ಎದೆನೋವಿನ ಮಾತೇ ಇಲ್ಲ. 'ಇದು ನೀನ್ ಬರ್ದಿದ್ದಾ? ಎಡಕ್ಕೆ ಹತ್ತು, ಬಲಕ್ಕೆ ಒಂಬತ್ತು. ಸರಿಯಿದೆ' ಅಂದರು. ಅವರು ನನಗೆ ಸರಿಯಿದೆ ಅಂದದ್ದು ಅದೇ ಮೊದಲು. ಅದೇ ಕೊನೆಯ ಫೋನೂ ಆಯಿತು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ ಪೋರ್ಟಿಕೋದಲ್ಲಿ ಕಂಪ್ಯೂಟರುಗಳನ್ನು ಮೂಲೆಗೆ ಸರಿಸಿ ಊಟಕ್ಕೆ ಜಾಗ ಮಾಡಿದ್ದರು. ಗೋಡೆಯ ಮೇಲೆ ಲೆಟರ್ ಹಾಗೇ ಇತ್ತು. ನಾನು ಅದರ ಮುಂದೆ ನಿಂತು ಎಣಿಸುತ್ತಿದ್ದೆ, ಯಾಕೆಂದು ಕೇಳಬೇಡಿ, ಇನ್ನೇನು ಮಾಡಬೇಕೋ ಗೊತ್ತಾಗಲಿಲ್ಲ. ಎಡಕ್ಕೆ ಮೂವತ್ತನಾಲ್ಕು, ಬಲಕ್ಕೆ ಮೂವತ್ಮೂರು. ಹಿಂದಿನಿಂದ ಯಾರೋ ಬಂದು ನಿಂತರು. ನಮ್ಮ ಹಳೆಯ ಓನರ್ರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕನ್ನಡಕ ಏರಿಸಿ ಲೆಟರನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

'ಇದು ಯಾರ್ ಕೊಟ್ಟಿದ್ದು? ನಮ್ಮ ಲೆಟರ್‌ಹೆಡ್ ಅಲ್ವಲ್ಲ.'

'ನಾವ್ ಕೊಟ್ಟಿದ್ದು ಸರ್. ಬ್ಯಾಚಿನೋರು.'

ಅವರು ಕನ್ನಡಕ ಕೆಳಗಿಳಿಸಿದರು. 'ಪಾಪ' ಅಂದರು. 'ನಾನು ಕೊಟ್ಟಿದ್ದನ್ನ ಮೂರು ಸಲ ವಾಪಸ್ ಕಳಿಸಿದ್ರು. ನೀವ್ ಕೊಟ್ಟಿದ್ದನ್ನ ಇಟ್ಕೊಂಡ್ರಲ್ಲ, ಬಿಡಿ.'

'ಇಲ್ಲ ಸರ್' ಅಂದೆ. 'ಇದನ್ನೂ ಒಂದ್ಸಲ ವಾಪಸ್ ಕಳಿಸಿದ್ರು.'